ಹರಿತಾ ಹಾಕದ ಸಹಿ

“ಏಯ್ ಪಾಪು, ನೆರಳು! ನಿನ್ನ ನೆರಳು!”

ಹರಿತಾ ಬೆಚ್ಚಿ ಎಡಕ್ಕೆ ಸರಿದಳು. ನೆರಳೂ ಎಡಕ್ಕೆ ಸರಿಯಿತು. ಬಲಕ್ಕೆ ಹಾರಿದಳು. ನೆರಳೂ ಹಾರಿತು. ಆರನೇ ಕ್ಲಾಸಿನ ಹುಡುಗಿ ತನ್ನ ನೆರಳನ್ನು ಎಲ್ಲಿ ಅಂತ ಬಚ್ಚಿಟ್ಟಾಳು? ಕೊನೆಗೆ ಕುಕ್ಕರಗಾಲಲ್ಲಿ ಕೂತೇಬಿಟ್ಟಳು. ನೆರಳು ಮಡಚಿಕೊಂಡು ಅವಳ ಕಾಲ ಬುಡಕ್ಕೆ ಸೇರಿತು.

“ಹಾಂ, ಹಂಗೇ ಇರು. ಉಸಿರಾಡ್ಬೇಡ,” ಎಂದರು ಮುರಳಿಮೋಹನ್ ಸಾರ್.

ಅವರು ಗಾಲ್ಫ್ ಕೋಲು ಹಿಡಿದು, ಸೊಂಟ ಬಗ್ಗಿಸಿ, ಚೆಂಡನ್ನೂ ಗುಳಿಯನ್ನೂ ಮೂರು ಮೂರು ಸಲ ನೋಡಿ, ಮೆಲ್ಲಗೆ ತಳ್ಳಿದರು. ಗುಳಿ ಇದ್ದದ್ದು ಎರಡೇ ಅಡಿ ದೂರ. ಚೆಂಡು ಗುಳಿಯ ಪಕ್ಕದಲ್ಲೇ ಹಾದು, ‘ಆಮೇಲೆ ಸಿಗ್ತೀನಿ’ ಅನ್ನುವ ಹಾಗೆ ಮುಂದಕ್ಕೆ ಹೋಯಿತು.

“ನೋಡಿದ್ಯಾ? ಎಲ್ಲಾ ನಿನ್ನ ನೆರಳಿಂದಾನೇ!”

ಹರಿತಾ “ಸಾರಿ ಸಾರ್” ಎಂದಳು. ಬೆಳಗಿನಿಂದ ಅದು ಹನ್ನೊಂದನೇ ಸಾರಿ.

ನಂದಿ ಬೆಟ್ಟದ ತಪ್ಪಲಿನ ಆ ಗಾಲ್ಫ್ ಕ್ಲಬ್ಬಿನಲ್ಲಿ ಅವತ್ತು ವಿಶೇಷ ಪಂದ್ಯ. ನಂದಿಯ ಸರ್ಕಾರಿ ಶಾಲೆಯ ಮಕ್ಕಳಿಗೆ ಕ್ಲಬ್ಬಿನವರು ಭಾನುವಾರ ಭಾನುವಾರ ಪುಕ್ಕಟೆಯಾಗಿ ಗಾಲ್ಫ್ ಕಲಿಸುತ್ತಿದ್ದರು. ಕಲಿಸುವವರು ಅಂಬರೀಶ್ ಸರ್. ವರ್ಷಕ್ಕೊಮ್ಮೆ ಒಬ್ಬೊಬ್ಬ ಮೆಂಬರ್ ಜೊತೆಗೆ ಒಂದೊಂದು ಮಗು ಸೇರಿ ಒಂಬತ್ತು ಗುಳಿಯ ಆಟ. ದೊಡ್ಡವರಲ್ಲಿ ಗೆದ್ದವರಿಗೆ ಬೆಳ್ಳಿ ಕಪ್ಪು. ಮಕ್ಕಳಲ್ಲಿ ಗೆದ್ದವರಿಗೆ ಹೊಸ ಗಾಲ್ಫ್ ಸೆಟ್, ಮೇಲಿಂದ ಮೈಸೂರಿನ ಸ್ಟೇಟ್ ಪಂದ್ಯಕ್ಕೆ ಕರೆದುಕೊಂಡು ಹೋಗುತ್ತಾರೆ.

ಆ ಸೆಟ್ಟು ಹರಿತಾಳ ಕಣ್ಣಲ್ಲೇ ಕೂತುಬಿಟ್ಟಿತ್ತು. ಯಾಕೆ ಅಂತೀರಾ? ಈಗ ಕಲಿಯುತ್ತಿದ್ದ ಆರು ಮಕ್ಕಳಿಗೆ ಇದ್ದದ್ದು ಮೂರೇ ಕೋಲು. ಅವೂ ದೊಡ್ಡವರು ಬಿಸಾಕಿದ್ದು. ಗರಗಸದಲ್ಲಿ ಕೊಯ್ದು ಗಿಡ್ಡ ಮಾಡಿ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದರು. ಮಳೆ ಬಂದರೆ ಹಿಡಿ ಜಾರಿ, ಚೆಂಡಿಗಿಂತ ಕೋಲೇ ದೂರ ಹೋಗುತ್ತಿತ್ತು.

ಬೆಳಗ್ಗೆ ಕ್ಲಬ್ಬಿನ ಕ್ಯಾಪ್ಟನ್ ಮೋಹನ್‌ಬಾಬು ಮೈಕ್ ಹಿಡಿದು ದೊಡ್ಡ ಭಾಷಣ ಮಾಡಿದ್ದರು.

“ಮಕ್ಕಳೇ, ಗಾಲ್ಫ್ ಅಂದ್ರೆ ಜಂಟಲ್‌ಮನ್ ಆಟ. ಇಲ್ಲಿ ಸೀರಿಯಸ್ ತಪ್ಪುಗಳು ಯಾವುವು ಗೊತ್ತಾ? ಕಾಲರ್ ಇಲ್ಲದ ಟಿ-ಶರ್ಟ್ ಹಾಕೋದು ಸೀರಿಯಸ್. ಇನ್ನೊಬ್ರು ಹೊಡೆಯೋವಾಗ ಮಾತಾಡೋದು ಸೀರಿಯಸ್. ಚಪ್ಪಲಿ ಹಾಕ್ಕೊಂಡು ಗ್ರೀನ್ ಮೇಲೆ, ಅಂದ್ರೆ ಗುಳಿ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಓಡೋದು, ವೆರಿ ವೆರಿ ಸೀರಿಯಸ್!”

ಅಷ್ಟರಲ್ಲಿ ಒಂದು ಫೋನು ಜೋರಾಗಿ ಬಡಿದುಕೊಂಡಿತು. ಅದೂ ಸೀರಿಯಸ್ಸೇ. ಆದರೆ ಅದು ಕ್ಯಾಪ್ಟನ್ನರ ಜೇಬಲ್ಲೇ ಬಡಿದುಕೊಂಡಿದ್ದರಿಂದ ಪಟ್ಟಿಗೆ ಸೇರಲಿಲ್ಲ.

ಅಂಬರೀಶ್ ಸರ್ ಹೇಳಿಕೊಟ್ಟಿದ್ದ ಪಟ್ಟಿ ಚಿಕ್ಕದಾಗಿತ್ತು. “ಚೆಂಡು ಎಲ್ಲಿ ಬಿದ್ದಿದ್ಯೋ ಅಲ್ಲಿಂದಾನೇ ಹೊಡೀಬೇಕು. ಅದನ್ನ ಮುಟ್ಟಂಗಿಲ್ಲ. ಅದರ ಸುತ್ತಮುತ್ತ ಬೆಳೆದಿರೋದನ್ನ ಕೀಳಂಗಿಲ್ಲ, ಮುರಿಯಂಗಿಲ್ಲ. ಕ್ರಿಕೆಟ್ ಥರ ಇಲ್ಲಿ ಅಂಪೈರ್ ಬೆನ್ನ ಹಿಂದೆ ಬರಲ್ಲ ಕಣ್ರೋ. ನಿಮ್ಮ ತಪ್ಪು ನೀವೇ ಹೇಳ್ಕೋಬೇಕು.”

ಇನ್ನೊಂದು ಪದ್ಧತಿಯೂ ಇತ್ತು. ತಾನು ಎಷ್ಟು ಏಟು ಹೊಡೆದೆ ಅಂತ ಕಾರ್ಡಿನಲ್ಲಿ ತಾನೇ ಬರೆಯುವ ಹಾಗಿಲ್ಲ, ಜೊತೆಗಾರ ಬರೆಯಬೇಕು. ಕಡಿಮೆ ಏಟಿನಲ್ಲಿ ಮುಗಿಸಿದವರು ಗೆದ್ದ ಹಾಗೆ. ಹರಿತಾಳ ಕಾರ್ಡು ಮುರಳಿಮೋಹನ್ ಸಾರ್ ಕೈಲಿ, ಅವರ ಕಾರ್ಡು ಹರಿತಾಳ ಕೈಲಿ. ಹೀಗೆ ಬರೆಯುವವರನ್ನು ಮಾರ್ಕರ್ ಅಂತಾರೆ. ಮಾರ್ಕರ್ ಸಹಿ ಇಲ್ಲದ ಕಾರ್ಡು ಕಡಲೆಕಾಯಿ ಕಟ್ಟೋಕೆ ಮಾತ್ರ ಆಗುತ್ತೆ.

ಮುರಳಿಮೋಹನ್ ಸಾರ್ ಅಂದರೆ ಚಿಕ್ಕಬಳ್ಳಾಪುರದ ನಾಲ್ಕು ದಿಕ್ಕಿಗೂ ಲೇಔಟ್ ಮಾಡಿದವರು. ಲೇಔಟ್ ಮಾಡಿ ಮಾಡಿ ಔಟ್ ಆಗೋದನ್ನೇ ಮರೆತಿದ್ದರು. ಅವರ ಮನೆಯ ಷೋಕೇಸಿನಲ್ಲಿ ಬೆಳ್ಳಿ ಕಪ್ಪಿಗೆ ಅಂತ ಜಾಗ ಮೂರು ವರ್ಷದಿಂದ ಖಾಲಿ ಇತ್ತಂತೆ. ಅದನ್ನು ಅವರೇ ಮೊದಲ ಗುಳಿಯ ಹತ್ತಿರ ಹರಿತಾಳಿಗೆ ಹೇಳಿದ್ದರು.

ಎಂಟು ಗುಳಿ ಮುಗಿದಾಗ ಹರಿತಾ ಮಕ್ಕಳಲ್ಲೆಲ್ಲ ಮುಂದಿದ್ದಳು. ಅವಳ ಹಿಂದೆಯೇ ಅವಳ ಕ್ಲಾಸಿನ ಯಾಮಿನಿ ಇದ್ದಳು. ಉಳಿದದ್ದು ಒಂದೇ ಗುಳಿ.

ಒಂಬತ್ತನೇ ಗುಳಿಗೆ ಹರಿತಾ ಹೊಡೆದ ಚೆಂಡು ಅಂಚಿನ ಉದ್ದ ಹುಲ್ಲಿಗೆ ಬಿತ್ತು. ಹೋಗಿ ನೋಡಿದರೆ ಚೆಂಡಿನ ಹಿಂದೆಯೇ ಒಂದು ಜೇಕಿನ ಗಿಡ. ಸೊಂಪಾಗಿ, ಕೊಬ್ಬಿ ನಿಂತಿತ್ತು.

ಈಗ ಜೇಕು ಅನ್ನುವ ಈ ಹಟಮಾರಿ ಕಳೆಯ ವಿಷಯ ಸ್ವಲ್ಪ ಹೇಳಬೇಕು. ಹರಿತಾಳ ತಾತ ಮುನಿಶಾಮಪ್ಪನಿಗೆ ಹೂಕೋಸಿನ ತೋಟ ಇದೆ. ಅವರ ಮನೆಯಲ್ಲಿ ಯಾರೂ ಜೇಕು ಕಂಡು ಸುಮ್ಮನೆ ದಾಟಿ ಹೋದವರಲ್ಲ. ಇವತ್ತು ಒಂದು ಬಿಟ್ಟರೆ ನಾಳೆ ನೂರು. ಅವಳ ಅಮ್ಮ ಜ್ಯೋತಿಲಕ್ಷ್ಮಿ ಮದುವೆಗೆ ರೇಷ್ಮೆ ಸೀರೆ ಉಟ್ಟು ಹೊರಟಿದ್ದರೂ ದಾರಿಯಲ್ಲಿ ಯಾರದೋ ಹೊಲದಲ್ಲಿ ಜೇಕು ಕಂಡರೆ ಬಗ್ಗಿ ಕಿತ್ತೇ ಮುಂದಕ್ಕೆ ಹೋಗುತ್ತಿದ್ದಳು. ಆ ಕೈಗುಣಕ್ಕೇ ಈ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸ ಸಿಕ್ಕಿದ್ದು.

ಹರಿತಾ ಬಗ್ಗಿದಳು. ಬುಡಕ್ಕೆ ಎರಡು ಬೆರಳು ಹಾಕಿ, ಸ್ವಲ್ಪ ಅಲ್ಲಾಡಿಸಿ, ಗೆಡ್ಡೆ ಸಮೇತ ಎಳೆದಳು. ಮಣ್ಣು ಕೊಡವಿದಳು. ಮತ್ತೆ ಬೇರು ಬಿಡದ ಹಾಗೆ ಬುಡಮೇಲು ಮಾಡಿ ದೂರ ಎಸೆದಳು. ಕೈ ಇಷ್ಟೆಲ್ಲ ಮಾಡಿ ಮುಗಿಸಿದ ಮೇಲೆ ತಲೆಗೆ ಸುದ್ದಿ ಮುಟ್ಟಿತು.

“ಅಯ್ಯಯ್ಯೋ!”

“ಏನಾಯ್ತಮ್ಮ?” ಮುರಳಿಮೋಹನ್ ಸಾರ್ ಪಕ್ಕದಲ್ಲೇ ನಿಂತಿದ್ದರು.

“ಕಿತ್ತುಬಿಟ್ಟೆ ಸಾರ್. ಕೀಳಬಾರದಿತ್ತು. ಎರಡು ಏಟು ಸೇರಿಸ್ಬೇಕು.”

ಸಾರ್ ಅತ್ತ ಇತ್ತ ನೋಡಿದರು. ಯಾರೂ ಇರಲಿಲ್ಲ. ಅವರ ಮುಖ ಅವತ್ತು ಮೊದಲ ಸಲ ಸಕ್ಕರೆಯಾಯಿತು.

“ಥೂ, ಒಂದು ಹುಲ್ಲಿಗೆ ಎರಡು ಏಟಾ? ಬಿಡಮ್ಮ. ನಾನೇನೂ ನೋಡೇ ಇಲ್ಲ. ನೀನು ಒಳ್ಳೆ ಹುಡುಗಿ. ಸರೀನಾ?”

ಹರಿತಾಳ ಕಣ್ಣ ಮುಂದೆ ಹೊಸ ಸೆಟ್ಟು ಬಂದು ನಿಂತಿತು. ಅದರ ಹಿಡಿಗೆ ಸೈಕಲ್ ಟ್ಯೂಬ್ ಇರಲಿಲ್ಲ. ಅವಳು ಸಣ್ಣಗೆ ತಲೆ ಆಡಿಸಿದಳು.

ಆಮೇಲೆ ಸಾರ್ ತಮ್ಮ ಚೆಂಡಿನ ಹತ್ತಿರ ಹೋದರು. ಅದು ಒಂದು ದಪ್ಪ ಹೊಂಗೆ ಮರದ ಹಿಂದೆ ಅಡಗಿತ್ತು. ಅಲ್ಲಿಂದ ಹೊಡೆಯಬೇಕಾದರೆ ಮೊದಲು ಮರಕ್ಕೆ ಕ್ಷಮೆ ಕೇಳಬೇಕು. ಸಾರ್ ಕೋಲನ್ನು ಬಗಲಿಗೆ ಸಿಕ್ಕಿಸಿಕೊಂಡರು. ಎರಡೂ ಕೈ ಜೇಬಿಗೆ ಹಾಕಿದರು. ನಂದಿ ಬೆಟ್ಟದ ಸೌಂದರ್ಯ ನೋಡುತ್ತಾ ನೋಡುತ್ತಾ, ಬಲಗಾಲಿನ ಷೂ ತುದಿಯಿಂದ ಟಪ್ ಅಂತ ಒಂದು ಒದ್ದರು. ಚೆಂಡು ಮರ ಬಿಟ್ಟು, ನೆರಳು ಬಿಟ್ಟು, ಹತ್ತು ಹೆಜ್ಜೆ ಉರುಳಿ, ಚೊಕ್ಕ ಬಯಲಿಗೆ ಬಂದು ಕೂತಿತು. ಆ ಕ್ಲಬ್ಬಿನಲ್ಲಿ ಕಾಲರ್‌ಗೆ ಕಟ್ಟುಪಾಡು, ಕಾಲಿಗೆ ಸ್ವಾತಂತ್ರ್ಯ.

ಸಾರ್ ತಿರುಗಿ ಹರಿತಾಳನ್ನು ನೋಡಿ ಕಣ್ಣು ಮಿಟುಕಿಸಿದರು.

“ನೀನೂ ಏನೂ ನೋಡಿಲ್ಲ. ಅಲ್ವಾಮ್ಮ?”

ಹರಿತಾ ಚೆಂಡು ಮೊದಲಿದ್ದ ಜಾಗವನ್ನೂ ಈಗ ಕೂತ ಜಾಗವನ್ನೂ ನೋಡಿದಳು. ಹೊಲದ ಬದು ಸರಿಸುವವರನ್ನು ಕಂಡರೆ ತಾತ ಊರೆಲ್ಲ ಕೇಳುವ ಹಾಗೆ ಕೂಗಾಡುತ್ತಾನೆ. ಇದೂ ಹಾಗೇ ಇತ್ತು. ಇಲ್ಲಿ ಬದು ಇದ್ದಲ್ಲೇ ಇತ್ತು, ಚೆಂಡು ಮಾತ್ರ ಸರಿದಿತ್ತು. ಆದರೆ ಕೂಗಾಡುವ ಹಾಗಿರಲಿಲ್ಲ. ಈಗಷ್ಟೇ ತಾನೇ ತಲೆ ಆಡಿಸಿದ್ದಳಲ್ಲ.

ಆಟ ಮುಗಿಯಿತು. ಹರಿತಾ ನಲವತ್ತೊಂಬತ್ತು. ಮುರಳಿಮೋಹನ್ ಸಾರ್ ನಲವತ್ತನಾಲ್ಕು, ಅವರದೇ ಲೆಕ್ಕದಲ್ಲಿ. ಅವಳ ಕೈಯಿಂದ ತಮ್ಮ ಕಾರ್ಡು ಇಸಿದುಕೊಂಡು ತಾವೇ ಬರೆದುಕೊಂಡಿದ್ದರು.

ಕಾರ್ಡು ಕೊಡುವ ಜಾಗದಲ್ಲಿ ಶಾಮಿಯಾನ ಹಾಕಿದ್ದರು. ಮೂಲೆಯಲ್ಲಿ ಹೊಸ ಸೆಟ್ಟು ಪ್ಲಾಸ್ಟಿಕ್ ಹೊದ್ದು ನಿಂತಿತ್ತು. ಅಂಬರೀಶ್ ಸರ್ ಮೇಜಿನ ಹಿಂದೆ ಕೂತು ಕಾರ್ಡು ಇಸಿದುಕೊಳ್ಳುತ್ತಿದ್ದರು. ಮುರಳಿಮೋಹನ್ ಸಾರ್ ಬಾದಾಮಿ ಹಾಲು ತರಲು ಹೋಗಿದ್ದರು.

ಹರಿತಾ ಮೇಜಿನ ಅಂಚು ಹಿಡಿದು ನಿಂತಳು.

“ಸರ್, ಚೆಂಡಿನ ಹಿಂದಿರೋ ಜೇಕು ಕಿತ್ರೆ ಎರಡು ಏಟು ಅಲ್ವಾ?”

“ಹೂಂ.”

“ಚೆಂಡನ್ನ ಕಾಲಲ್ಲಿ ಒದ್ರೆ?”

ಅಂಬರೀಶ್ ಸರ್ ತಲೆ ಎತ್ತಿದರು. “ಎಷ್ಟು ದೂರ ಅನ್ನೋದರ ಮೇಲೆ ಕಣಮ್ಮ. ಗೇಣು ಸರಿಸಿ ಅಲ್ಲಿಂದ ಹೊಡೆದ್ರೆ ಎರಡು ಏಟು. ಮರದ ಹಿಂದಿನಿಂದ ಬಯಲಿಗೆ ತಂದು ಹೊಡೆದು, ತಿದ್ಕೊಳ್ದೇ ಹಂಗೇ ಆಟ ಮುಗಿಸಿದ್ರೆ ಅದಕ್ಕೆ ಏಟಿಲ್ಲ, ಗೇಟು. ಸೀದಾ ಆಚೆ.”

“ಮತ್ತೆ… ಒಬ್ರದು ಇನ್ನೊಬ್ರು ನೋಡಿ, ಹೇಳೋದು ಬೇಡ ಅಂತ ಇಬ್ರೂ ಒಪ್ಕೊಂಡ್ರೆ?”

“ಅದೂ ಗೇಟೇ. ಇಬ್ರಿಗೂ.”

“ಜೇಕು ಕಿತ್ತಿದ್ದಕ್ಕೆ ಎರಡೇ ಏಟು, ಹೇಳ್ದೇ ಇದ್ದಿದ್ದಕ್ಕೆ ಗೇಟಾ ಸರ್?”

“ರೂಲು ನಾನು ಬರ್ದಿದ್ದಲ್ಲಮ್ಮ,” ಅಂದರು ಅಂಬರೀಶ್ ಸರ್. ಅವರ ದನಿ ಸಣ್ಣಗಾಗಿತ್ತು. “ಯಾಕೆ ಕೇಳ್ತಿದೀಯಾ ಅಂತ ನಾನು ಕೇಳಲೋ, ಬೇಡ್ವೋ?”

ಹರಿತಾ ಉತ್ತರ ಕೊಡುವ ಮೊದಲೇ ಮುರಳಿಮೋಹನ್ ಸಾರ್ ಬಂದರು. ಮೇಲ್ತುಟಿಗೆ ಬಾದಾಮಿ ಹಾಲಿನ ಮೀಸೆ ಮೂಡಿತ್ತು. ಹರಿತಾಳ ಕಾರ್ಡಿಗೆ ಅವರು ಆಗಲೇ ಸಹಿ ಗೀಚಿದ್ದರು. ತಮ್ಮ ಕಾರ್ಡನ್ನು ಅವಳ ಮುಂದಿಟ್ಟು ಚಿನ್ನದ ಬಣ್ಣದ ಪೆನ್ನು ಕೊಟ್ಟರು.

“ಬೇಗ ಒಂದು ಸೈನ್ ಹಾಕಮ್ಮ.”

ಸಹಿ ಹಾಕಿಸಿಕೊಳ್ಳುವುದರಲ್ಲಿ ಸಾರ್ ಎತ್ತಿದ ಕೈ. ಎಷ್ಟೋ ಜನ ಓದದೆಯೇ ಅವರಿಗೆ ಸಹಿ ಹಾಕಿ ಕೊಟ್ಟಿದ್ದರು. ಈ ಹುಡುಗಿ ಮಾತ್ರ ಪೆನ್ನು ಹಿಡಿದುಕೊಂಡು ಹಾಗೇ ನಿಂತಿದ್ದಳು.

“ಯಾಕಮ್ಮ? ನಿಮ್ಮಮ್ಮ ಇಲ್ಲೇ ಕೆಲಸ ಮಾಡ್ತಾಳೆ ಅಲ್ವಾ?” ಸಾರ್ ನಕ್ಕರು. “ಒಳ್ಳೆ ಹೆಂಗಸು. ತುಂಬಾ ಒಳ್ಳೆ ಹೆಂಗಸು.”

ಅಮ್ಮನನ್ನು ಇಷ್ಟು ಹೊಗಳಿದರೆ ಖುಷಿಯಾಗಬೇಕಿತ್ತು. ಹರಿತಾ ಮಾತ್ರ ಅಮ್ಮ ಎಲ್ಲಿದ್ದಾಳೆ ಅಂತ ಆಚೆಯ ಹುಲ್ಲಿನ ಕಡೆ ನೋಡಿದಳು.

ಅಷ್ಟರಲ್ಲಿ ಶಾಮಿಯಾನದ ಆಚೆ ಯಾಮಿನಿಯ ದನಿ ಕೇಳಿಸಿತು. ಅವಳು ತನ್ನ ಮಾರ್ಕರ್ ಆಗಿದ್ದ ಮುದುಕರ ಜೊತೆ ವಾದ ಮಾಡುತ್ತಿದ್ದಳು.

“ಇಲ್ಲ ತಾತ, ಐವತ್ತು! ಮರಳಲ್ಲಿ ಒಂದ್ಸಲ ಬೀಸಿದ್ನಲ್ಲ, ಚೆಂಡಿಗೆ ತಗುಲ್ಲೇ ಇಲ್ಲ, ಗಾಳಿಗೆ ಹೋಯ್ತು. ಅದೂ ಸೇರಿಸಿ.”

“ನಾನು ನೋಡ್ಲಿಲ್ಲವಲ್ಲಮ್ಮ.”

“ನೀವು ಬೆನ್ನು ತಿರುಗಿಸಿದ್ರಿ. ನಾನು ಇದ್ನಲ್ಲ ತಾತ!”

ಹರಿತಾ ಪೆನ್ನನ್ನು ಮೇಜಿನ ಮೇಲಿಟ್ಟಳು.

“ಸರ್, ನಾನು ಜೇಕು ಕಿತ್ತೆ. ಸಾರ್ ಹೊಂಗೆ ಮರದ ಹಿಂದಿನಿಂದ ಚೆಂಡು ಒದ್ರು. ಇಬ್ರೂ ಹೇಳೋದು ಬೇಡ ಅಂತ ಒಪ್ಕೊಂಡ್ವಿ,” ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು.

ಅಂಬರೀಶ್ ಸರ್ ಕಣ್ಣು ಮುಚ್ಚಿಕೊಂಡರು. “ನೀನು ಹೂಂ ಅಂದ್ಯಾ, ಅಥವಾ ಸುಮ್ನೆ ನಿಂತಿದ್ಯಾ? ಯೋಚ್ನೆ ಮಾಡಿ ಹೇಳು.”

ಸುಮ್ಮನೆ ನಿಂತಿದ್ದೆ ಅಂದರೆ ಎರಡು ಏಟಿಗೆ ಮುಗಿಯುತ್ತಿತ್ತೇನೋ. ಆ ಬಾಗಿಲನ್ನು ಅವರು ಅವಳಿಗಾಗಿಯೇ ತೆರೆದಿದ್ದರು.

“ತಲೆ ಆಡಿಸಿದೆ ಸರ್.”

ಮುರಳಿಮೋಹನ್ ಸಾರ್ ಬಾದಾಮಿ ಹಾಲಿನಷ್ಟೇ ಹಳದಿಯಾದರು. “ಏನ್ರೀ ಇದು? ಚಿಕ್ಕ ಮಗು, ಬಿಸಿಲಿಗೆ ಏನೋ ಬಡಬಡಿಸ್ತಿದೆ!”

ಕ್ಯಾಪ್ಟನ್ ಮೋಹನ್‌ಬಾಬುಗೆ ಕರೆ ಹೋಯಿತು. ಅವರು ಇನ್ನಿಬ್ಬರು ಕಮಿಟಿಯವರನ್ನು ಕರೆದುಕೊಂಡು ಬಂದರು. ವಿಷಯ ಸೀರಿಯಸ್ ಅಂತ ಗೊತ್ತಾದ ಕೂಡಲೇ ಮೂವರೂ ಕಾಲರ್ ಸರಿಮಾಡಿಕೊಂಡು ಕೂತರು.

“ಹುಡುಗಿ ತಾನೇ ಒಪ್ಕೊಂಡಿದಾಳೆ. ಸೋ, ಔಟ್,” ಅಂದರು ಕ್ಯಾಪ್ಟನ್. ಅದಕ್ಕೆ ಅರ್ಧ ನಿಮಿಷ ಹಿಡಿಯಿತು.

“ಇನ್ನು ಮುರಳಿ ಸಾರ್ ವಿಷಯ. ಸಾರ್, ಹೊಂಗೆ ಮರದ ಹತ್ರ ನೀವು ಚೆಂಡು ಒದ್ರಾ?”

“ನನಗೆ ನೆನಪಿಲ್ಲ.”

“ಈ ಮಗು ಜೊತೆ ಒಪ್ಪಂದ ಏನಾದ್ರೂ?”

“ಛೆ ಛೆ. ನೆವರ್.”

“ಸಾರ್ ಇಲ್ಲ ಅಂತಿದಾರೆ. ಜಂಟಲ್‌ಮನ್ ಮಾತು ಅಂದ್ರೆ ಮಾತು. ಮುಗೀತು.”

“ಒಂದ್ನಿಮ್ಸ ಸಾರ್.”

ಎಲ್ಲರೂ ತಿರುಗಿದರು. ಶಾಮಿಯಾನದ ಕಂಬದ ಹತ್ತಿರ ಜ್ಯೋತಿಲಕ್ಷ್ಮಿ ನಿಂತಿದ್ದಳು. ಹಸಿರು ಕೋಟು, ತಲೆಗೆ ಟವಲು, ಕೈಯಲ್ಲಿ ಕುಡುಗೋಲು. ಮಗಳ ಹೆಸರು ಕೇಳಿ ಕೆಲಸ ಬಿಟ್ಟು ಓಡಿ ಬಂದಿದ್ದಳು.

“ತಪ್ಪಾದ್ರೆ ಮನಸಿಗೆ ಹಾಕ್ಕೋಬೇಡಿ ಸಾರ್, ನಂಗೆ ನಿಮ್ ಆಟ ಗೊತ್ತಿಲ್ಲ. ಒಪ್ಪಂದ ಮಾಡ್ಕೊಂಡಿದ್ದಕ್ಕೆ ನಮ್ ಹುಡುಗಿ ಔಟು ಅಂದ್ರಿ. ಈ ಸಾರು ಒಪ್ಪಂದಾನೇ ಮಾಡ್ಕೊಂಡಿಲ್ವಂತೆ. ಹಂಗಾರೆ ನಮ್ ಹುಡುಗಿ ಯಾರ್ ಜೊತೆ ಮಾಡ್ಕೊಂಡ್ಳು? ಹೊಂಗೆ ಮರದ್ ಜೊತೇನಾ?”

ಕಮಿಟಿಯ ಒಬ್ಬರಿಗೆ ಬಾದಾಮಿ ಹಾಲು ನೆತ್ತಿಗೇರಿತು. ಇನ್ನೊಬ್ಬರು ಅವರ ಬೆನ್ನು ಗುದ್ದುತ್ತಾ ತಾವು ನಗುವುದನ್ನು ಬಚ್ಚಿಟ್ಟುಕೊಂಡರು.

ಕ್ಯಾಪ್ಟನ್ ರೂಲ್ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ತಿರುವಿದರು. ಮರದ ಜೊತೆ ಒಪ್ಪಂದದ ಬಗ್ಗೆ ಎಲ್ಲೂ ಬರೆದಿರಲಿಲ್ಲ. ಆಮೇಲೆ ಪುಸ್ತಕ ಮುಚ್ಚಿ ಜೇನಿನಂಥ ದನಿ ತೆಗೆದರು.

“ನೋಡಿ, ಹಬ್ಬದ ಥರ ದಿನ. ಯಾಕೆ ಬೇಜಾರು? ಯಾರೂ ಏನೂ ಮಾಡಿಲ್ಲ ಅಂತ ಇಟ್ಕೊಳ್ಳೋಣ. ಇಬ್ರೂ ಇನ್. ಪಾಪು, ನೀನು ಸಾರ್ ಕಾರ್ಡಿಗೆ ಒಂದು ಸೈನ್ ಹಾಕಿಬಿಡು. ಆ ಹೊಸ ಸೆಟ್ಟು ನಿಂದೇ. ಮೈಸೂರಿಗೂ ಹೋಗ್ತೀಯ. ಹ್ಯಾಪಿನಾ?”

ಚಿನ್ನದ ಬಣ್ಣದ ಪೆನ್ನು ಮತ್ತೆ ಅವಳ ಕಡೆಗೆ ಉರುಳಿ ಬಂತು.

ಹರಿತಾ ಮೂಲೆಯ ಕಡೆ ನೋಡಿದಳು. ಪ್ಲಾಸ್ಟಿಕ್ ಒಳಗಿಂದ ಕೋಲುಗಳ ತಲೆ ಮಿನುಗುತ್ತಿದ್ದವು. ಶಾಮಿಯಾನದ ಆಚೆ ಯಾಮಿನಿ ಗೆಲ್ಲೋದಿಲ್ಲ ಅಂತ ಗೊತ್ತಿದ್ದೂ ಬೆರಳು ಮಡಚಿ ಮಡಚಿ ಐವತ್ತೇ ಸರಿ ಅಂತ ಇನ್ನೊಮ್ಮೆ ಎಣಿಸುತ್ತಿದ್ದಳು. ಅಮ್ಮ ಕುಡುಗೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು, ಅಷ್ಟೇ.

“ಇಲ್ಲ ಸಾರ್,” ಎಂದಳು ಹರಿತಾ.

“ಏನಿಲ್ಲ?”

“ಸೈನ್ ಹಾಕಲ್ಲ ಸಾರ್. ಈ ನಲವತ್ತನಾಲ್ಕು ನಾನು ಎಣಿಸಿದ್ದಲ್ಲ. ನಾನೂ ಔಟೇ. ತಲೆ ಆಡಿಸಿದ್ನಲ್ಲ.”

ಇನ್ನೂರು ಎಕರೆಗೆ ಸಹಿ ಮಾಡಿಸಿದ್ದ ಮುರಳಿಮೋಹನ್ ಸಾರ್ ಒಂದು ಅಂಗೈಯಗಲದ ಕಾರ್ಡು ಹಿಡಿದುಕೊಂಡು ನಿಂತರು. ಹನ್ನೊಂದು ವರ್ಷದ ಹುಡುಗಿಗೆ ಯಾವ ಇಲಾಖೆಯಿಂದ ಫೋನ್ ಮಾಡಿಸಬೇಕು ಅಂತ ಅವರಿಗೆ ಹೊಳೆಯಲೇ ಇಲ್ಲ. ಕಾರ್ಡನ್ನು ಮಡಚಿ ಜೇಬಿಗೆ ತುರುಕಿ, ಬಹುಮಾನಕ್ಕೂ ಕಾಯದೆ ಕಾರು ಹತ್ತಿದರು. ಗೇಟಿನ ತನಕ ಹಾರ್ನ್ ಹೊಡೆದುಕೊಂಡೇ ಹೋದರು. ಕ್ಲಬ್ಬಿನೊಳಗೆ ಹಾರ್ನ್ ಹೊಡೆಯುವುದು ವೆರಿ ಸೀರಿಯಸ್. ಆದರೆ ಯಾರಿಗೂ ಕೇಳಿಸಲಿಲ್ಲ.

ಜ್ಯೋತಿಲಕ್ಷ್ಮಿಗೆ ಅರ್ಧ ಗಂಟೆಯಲ್ಲೇ ಸುದ್ದಿ ಬಂತು. ನಾಳೆಯಿಂದ ಗ್ರೀನ್ ಮೇಲೆ ಕೆಲಸ ಇಲ್ಲ. ಬಿಸಿಲಲ್ಲಿ ಕಾರ್ ಪಾರ್ಕಿಂಗ್ ಕಡೆ ಹುಲ್ಲು ಕೀಳಬೇಕು.

“ಅಮ್ಮಾ, ನನ್ನಿಂದ…” ಅಂದಳು ಹರಿತಾ.

“ಸಾಕು ಬಿಡೇ. ಅಲ್ಲಿ ಯಾರೂ ‘ನೆರಳು ನೆರಳು’ ಅಂತ ಬಡ್ಕೊಳ್ಳಲ್ಲ. ಹೋಗು, ಯಾಮಿನಿ ಬಹುಮಾನಕ್ಕೆ ಚಪ್ಪಾಳೆ ಹೊಡಿ.”

ಸೆಟ್ಟು ಯಾಮಿನಿಗೆ ಬಂತು. ಹರಿತಾ ಚಪ್ಪಾಳೆ ಹೊಡೆದಳು. ಮೊದಲ ಎರಡು ಮೂರು ಚಪ್ಪಾಳೆ ಕಷ್ಟವಾಯಿತು. ಆಮೇಲೆ ಕೈ ಪಳಗಿತು.

ಸಂಜೆ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಹಾಕಿದರು. ಎಲ್ಲರ ಹೆಸರಿನ ಮುಂದೆ ಅಂಕಿ ಇತ್ತು. ಎರಡು ಹೆಸರಿನ ಮುಂದೆ ಮಾತ್ರ ಅಕ್ಷರ. ಹರಿತಾ, ಡಿಕ್ಯೂ. ಮುರಳಿಮೋಹನ್, ಡಬ್ಲ್ಯೂಡಿ.

“ಏನೇ ಇದು?” ಯಾಮಿನಿ ಕೇಳಿದಳು.

ಅಂಬರೀಶ್ ಸರ್ ಹಿಂದೆಯೇ ನಿಂತಿದ್ದರು. “ಡಿಕ್ಯೂ ಅಂದ್ರೆ ರೂಲು ಮುರಿದಿದ್ದಕ್ಕೆ ಆಚೆ ಹಾಕಿದ್ದು. ಡಬ್ಲ್ಯೂಡಿ ಅಂದ್ರೆ ಆಟಗಾರರು ತಾವಾಗೇ ಹಿಂದೆ ಸರಿದಿದ್ದು.”

“ಅವರು ಯಾಕೆ ಹಿಂದೆ ಸರಿದ್ರು ಸರ್?”

ಅಂಬರೀಶ್ ಸರ್ ಆಕಾಶ ನೋಡಿದರು. “ಸೊಂಟ ನೋವಂತೆ.”

ಯಾಮಿನಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಹರಿತಾ ನಗಲಿಲ್ಲ. ಪಟ್ಟಿಯನ್ನು ಇನ್ನೊಂದು ಸಲ ಓದಿದಳು. ಮುರಳಿಮೋಹನ್ ಹೆಸರಿನ ಪಕ್ಕದ ಕಾಲಂನಲ್ಲಿ ಆ ಸೊಂಟ ನೋವನ್ನು ಚೆನ್ನಾಗಿ ಟೈಪ್ ಮಾಡಿ, ಸ್ಟಾಂಪ್ ಒತ್ತಿ ಅಂಟಿಸಿದ್ದರು. ಅದರ ಕೆಳಗೆ ಕಮಿಟಿಯ ಮೂವರು ದೊಡ್ಡವರ ಸಹಿ ಇತ್ತು.

ತನ್ನ ಹೆಸರಿನ ಮುಂದಿನ ಎರಡು ಅಕ್ಷರವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಇಡೀ ದಿನದಲ್ಲಿ ತನ್ನ ಬಗ್ಗೆ ಯಾರೋ ಬರೆದದ್ದರಲ್ಲಿ ಅದೊಂದೇ ನಿಜ ಅಂತ ಅವಳಿಗೆ ಅನ್ನಿಸಿತು.

“ಹರಿತಾ, ಈ ಬ್ಯಾಗ್ ಒಂಚೂರು ಹಿಡ್ಕೊಳ್ಳೇ. ಸಖತ್ ಭಾರ ಕಣೇ,” ಎಂದಳು ಯಾಮಿನಿ.

ನಂದಿ ಕ್ರಾಸ್ ತನಕ ಬಸ್ಸಿಲ್ಲ, ಎರಡು ಕಿಲೋಮೀಟರ್ ನಡೆಯಬೇಕು. ಹರಿತಾ ಹೊಸ ಸೆಟ್ಟಿನ ಬ್ಯಾಗನ್ನು ಎತ್ತಿ ಹೆಗಲಿಗೇರಿಸಿಕೊಂಡಳು. ಪ್ಲಾಸ್ಟಿಕ್ ಚರಚರ ಅಂದಿತು. ಅಮ್ಮ ಮುಂದೆ, ಯಾಮಿನಿ ಪಕ್ಕದಲ್ಲಿ. ದಾರಿಯುದ್ದಕ್ಕೂ ಆ ಬ್ಯಾಗು ಅವಳದಲ್ಲ ಅನ್ನುವುದು ನೆನಪಾಗುತ್ತಲೇ ಇತ್ತು. ಹೆಗಲು ಉರಿಯಿತು, ಕಣ್ಣೂ ಸ್ವಲ್ಪ ಉರಿಯಿತು.

ಸೊಂಟ ಮಾತ್ರ ಒಂಚೂರೂ ನೋಯಲಿಲ್ಲ.